ಅಂಗಳದ ಬಿಸಿಲಿಗೂ ಅಪ್ಪಣೆ ಬೇಕೇ?

ಬೆಳಕು ಹರಿಯುವ ಹೊತ್ತಿಗೆ ಸೂಜಿಯಕ್ಕ ಮೂರನೇ ಮಹಡಿಯ ಮನೆಯೊಂದರಲ್ಲಿ ಊಟದ ಮೇಜಿನ ಕೆಳಗೆ ಮಲಗಿದ್ದಾರೆ. ಪಕ್ಕದಲ್ಲಿ ಎಂಟು ವರ್ಷದ ಹುಡುಗ. ಅವನಿಗೆ ಆಟಿಸಂ, ಮಾತಿಲ್ಲ, ಮೈ ಮುಟ್ಟಿದರೆ ಕಿರುಚುತ್ತಾನೆ. ಅಕ್ಕ ರಕ್ತ ತೆಗೆಯುವಾಗ ಕಟ್ಟುವ ರಬ್ಬರ್ ಪಟ್ಟಿಯನ್ನು ತಮ್ಮ ತೋಳಿಗೇ ಕಟ್ಟಿಕೊಳ್ಳುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕಟ್ಟಿಕೊಳ್ಳುತ್ತಾರೆ. ಅವನಾಗಿಯೇ ಪಟ್ಟಿ ಕಿತ್ತುಕೊಂಡು ಕೈ ಚಾಚುವ ತನಕ ಅವರಿಗೆ ಅವಸರವಿಲ್ಲ.

ಮನೆ ಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು ಅಕ್ಕನ ಕೆಲಸ; ಅದಕ್ಕೇ ಈ ಹೆಸರು. ಒಂದೇ ಮನೆಯಲ್ಲಿ ಇಷ್ಟು ಹೊತ್ತೇಕೆ ಎಂದು ಲ್ಯಾಬಿನ ಮೇಲ್ವಿಚಾರಕರು ದಿನಾ ರೇಗುತ್ತಾರೆ. "ನಾಲ್ಕು ಜನ ಸೇರಿ ಮಗೂನ ಅದುಮಿ ಹಿಡ್ಕೊಂಡ್ರೆ ಬೇಗ ಆಗುತ್ತೆ, ನಿಜ. ಮಾತು ಬರಲ್ಲ ಅಂದ್ರೆ ಏನು ಬೇಕಾದ್ರೂ ಮಾಡ್ಬಹುದಾ?" ಎಂದು ಅಕ್ಕ ಕೇಳುತ್ತಾರೆ.

ಹಿಂದಿನ ಸಲ ಈ ಹುಡುಗನ ರಕ್ತದಲ್ಲಿ ವಿಟಮಿನ್ ಡಿ ತೀರಾ ಕೆಳಗಿತ್ತು. ಡಾಕ್ಟರು ಔಷಧಿಯ ಹನಿ ಬರೆದುಕೊಟ್ಟು, ಬಿಸಿಲಲ್ಲಿ ಆಡಲು ಬಿಡಿ ಎಂದರು. ಹನಿಯನ್ನು ಅವನು ಉಗಿದುಬಿಡುತ್ತಾನೆ. ಇನ್ನು ಬಿಸಿಲು? ಗಲಾಟೆ ಮಾಡುತ್ತಾನೆಂದು ಕಟ್ಟಡದ ನಿವಾಸಿಗಳ ಸಂಘದವರು ಅವನನ್ನು ಅಂಗಳಕ್ಕೇ ಬಿಡುವುದಿಲ್ಲ. ಕಾರು ತೊಳೆಯಲು ಆ ಅಂಗಳ ಬೇಕು, ನಾಯಿ ಅಡ್ಡಾಡಲು ಬೇಕು, ಈ ಮಗುವೊಂದು ಬೇಡವಂತೆ! ನಾಚಿಕೆಯಾಗಬೇಕು.

"ಬಿಸಿಲಿಗೆ ಬಿಟ್ರೆ ಆಟಿಸಂ ಹೋಗಲ್ಲ ಅಂತ ನಂಗೂ ಗೊತ್ತಕ್ಕ. ಮೂಳೆಯಾದ್ರೂ ಗಟ್ಟಿಯಾಗ್ಬೇಕಲ್ವಾ? ಕಾಲು ನೋವು ಅಂತ ಹೇಳೋಕೂ ಬರ್ದೆ ಅಳ್ತಾನೆ," ಎನ್ನುತ್ತಾ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಇವತ್ತು ರಕ್ತ ತೆಗೆದಾಗುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿದಿದೆ. ಸೂಜಿಯಕ್ಕನಿಗೆ ತಡೆಯಲಾಗುವುದಿಲ್ಲ. "ನಡೀರಿ ತಾಯಿ, ಕೆಳಗೆ ಹೋಗೋಣ. ಅದ್ಯಾರು ಬರ್ತಾರೋ ನಾನೂ ನೋಡ್ತೀನಿ."

ಹುಡುಗ ಬೆಚ್ಚಗಿನ ಸಿಮೆಂಟಿನ ಮೇಲೆ ಅಂಗೈ ಊರಿ, ಖುಷಿಗೆ ಕೇಕೆ ಹಾಕುತ್ತಾನೆ. ಅಷ್ಟು ಸಾಕು, ಸಂಘದ ಕಾರ್ಯದರ್ಶಿ ದಡದಡ ಮೆಟ್ಟಿಲಿಳಿದು ಬರುತ್ತಾರೆ.

"ಇವನನ್ನ ಇಲ್ಲಿ ಬಿಡ್ಬಾರ್ದು ಅಂತ ಎಷ್ಟು ಸಲ ಹೇಳೋದು? ನೀವ್ಯಾರಮ್ಮ ಇವನನ್ನ ಕರ್ಕೊಂಡು ಬರೋಕೆ? ನಿಮ್ಮ ಲ್ಯಾಬಿಗೆ ದೂರು ಕೊಡ್ತೀನಿ!"

ಅಭ್ಯಾಸಬಲದಿಂದ ತಾಯಿ ಮಗನನ್ನು ಒಳಗೆಳೆಯಲು ರಟ್ಟೆ ಹಿಡಿಯುತ್ತಾರೆ. ಸೂಜಿಯಕ್ಕ ಕದಲುವುದಿಲ್ಲ.

"ಧಾರಾಳವಾಗಿ ಕೊಡಿ ಸಾರ್. ಮಗೂನ ಬಿಸಿಲಲ್ಲಿ ಕೂರಿಸಿದ್ಳು ಅಂತಾನೇ ಬರೀರಿ. ದೂರು ಓದಿದೋರಿಗೆ ನನ್ನ ತಪ್ಪೇನು ಅಂತ ಗೊತ್ತಾಗ್ಲಿ."

ಕಾರ್ಯದರ್ಶಿ ಬಾಯಿ ತೆರೆಯುವ ಮೊದಲೇ ತಾಯಿ ಮಗನ ರಟ್ಟೆ ಬಿಟ್ಟು, ಅವನ ಪಕ್ಕದಲ್ಲೇ ಕೂತು ಹೇಳುತ್ತಾರೆ:

"ನಾಳೇನೂ ಬರ್ತೀವಿ. ಅದನ್ನೂ ಸೇರಿಸಿ ಬರೀರಿ."