ಸೊಂಟದಿಂದ ಸೊಂಟಕ್ಕೆ

ಆ ದಿನ ಭದ್ರಾವತಿಯ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ಇಷ್ಟು ಜನ: ನಾನು, ನಮ್ಮ ಯಜಮಾನರು, ಶಿವಮೊಗ್ಗದಿಂದ ಆಗತಾನೇ ಬಂದಿಳಿದ ಮಗಳು, ಅವಳನ್ನು ಬಿಟ್ಟುಹೋಗಲು ಬಂದ ಅಳಿಯ, ಮತ್ತು ಅಳಿಯನ ಹೆಗಲೇರಿ ಅವರ ಕೂದಲನ್ನೇ ಲಗಾಮಿನ ಹಾಗೆ ಹಿಡಿದಿದ್ದ ಒಂದೂವರೆ ವರ್ಷದ ಮೊಮ್ಮಗಳು. ಮಗಳ ಹೊಟ್ಟೆಯೊಳಗೆ ಇದ್ದವರನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ಇನ್ನೊಬ್ಬರು. ಮಗಳಿಗೆ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆ ತವರಿಗೆ ಬಂದಿದ್ದಳು. ನನಗೋ ಬೆಳಗಿನಿಂದ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕಡುಬು ಬೇಯಿಸಿಟ್ಟು, ಬಾಗಿಲಿಗೂ ಒಲೆಗೂ ಓಡಾಡಿ ಸಾಕಾಗಿತ್ತು.

ಅಳಿಯ ಕಾಫಿ ಲೋಟ ಕೆಳಗಿಟ್ಟು, "ಅತ್ತೆ, ಒಂದು ಮಾತು. ಇವಳು ಮಗೂನ ಎತ್ಕೋಬಾರ್ದಂತೆ. ಹೊಟ್ಟೆಯೊಳಗೆ ಮಾಸು ಸ್ವಲ್ಪ ಕೆಳಗಿದೆಯಂತೆ. ಡಾಕ್ಟ್ರು ಖಡಾಖಂಡಿತ ಹೇಳಿದಾರೆ" ಎಂದರು.

"ಅದಕ್ಕೇನಂತೆ, ನಾವೆಲ್ಲ ಇರೋದು ಯಾತಕ್ಕೆ?" ಎಂದು ನಮ್ಮ ಯಜಮಾನರು ಮೊಮ್ಮಗಳನ್ನು ಅಳಿಯನ ಹೆಗಲಿನಿಂದ ಇಳಿಸಿ ತಮ್ಮ ಸೊಂಟಕ್ಕೆ ಏರಿಸಿಕೊಂಡೇ ಬಿಟ್ಟರು. ನಡುವೆ ಮಗುವಿನ ಕಾಲು ನೆಲ ಮುಟ್ಟಲೇ ಇಲ್ಲ.

ಸಮಸ್ಯೆ ಇದ್ದದ್ದೇ ಅಲ್ಲಿ. ಮಗು ಇನ್ನೂ ನಡೆಯುತ್ತಿರಲಿಲ್ಲ. ನಾಲ್ಕು ದಿನ ಅಂಬೆಗಾಲಿಟ್ಟು ನೋಡಿ, ಇದರಲ್ಲಿ ಏನೂ ಲಾಭವಿಲ್ಲ ಎಂದು ಅದನ್ನೂ ಬಿಟ್ಟಿದ್ದಳು. ಕೂತಲ್ಲೇ ಎರಡು ಕೈ ಮೇಲೆತ್ತಿದರೆ ಸಾಕು, ಯಾರದಾದರೂ ಸೊಂಟ ಬಂದು ಎದುರಿಗೆ ನಿಲ್ಲುತ್ತಿತ್ತು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿರುವ ಬೀಗರ ಮನೆಯಲ್ಲಿ ಬೆಳಗಾದರೆ ಆ ಅಜ್ಜನ ಸೊಂಟ, ಅಲ್ಲಿಂದ ದೇವಸ್ಥಾನದ ಮುಂದೆ ಹೂ ಕಟ್ಟುವಾಕೆಯ ಮಡಿಲು, ಅಲ್ಲಿಂದ ಅಂಗಡಿಯವರ ಗಲ್ಲಾಪೆಟ್ಟಿಗೆಯ ಮೇಲಿನ ಪೀಠ. ಕಾಲಿನಲ್ಲಿ ಏನೂ ದೋಷವಿಲ್ಲ, ನೆಲಕ್ಕೆ ಬಿಡಿ ಎಂದು ಮಕ್ಕಳ ಡಾಕ್ಟರು ನಗುತ್ತಲೇ ಹೇಳಿದ್ದರಂತೆ. ಬಿಡುವವರು ಯಾರು?

ಅಳಿಯ ಹೊರಟುಹೋದ ಮೇಲೆ ಮಗಳು ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತಳು.

"ಅಮ್ಮಾ, ಅವಳು ನನ್ನ ನೋಡಿ ಕೈ ಎತ್ತಿದಾಗ ನಾನು ನನ್ನ ಕೈನ ಹಿಂದೆ ಕಟ್ಕೊಂಡು ನಿಂತ್ಕೋತೀನಿ. ಹತ್ರ ಹೋದ್ರೆ ಎತ್ತಿಬಿಡ್ತೀನೇನೋ ಅಂತ ಭಯ. ಮೊದಮೊದಲು ಅಳ್ತಿದ್ಲು. ಈಗ ಅಳೋದೂ ಇಲ್ಲ, ನನ್ನ ಬಿಟ್ಟು ಬೇರೆಯವರನ್ನ ನೋಡ್ತಾಳೆ."

"ಮಕ್ಕಳಿಗೆ ಅದೆಲ್ಲ ಎಲ್ಲಿ ತಿಳಿಯುತ್ತೆ ಬಿಡೇ."

"ತಿಳಿಯುತ್ತಮ್ಮ. ಇನ್ನೊಂದು ಬಂದ್ಮೇಲೆ ನನ್ನ ಕೈ ತುಂಬಿರುತ್ತೆ. ಅಷ್ಟರೊಳಗೆ ಅವಳಾಗೇ ನಡ್ಕೊಂಡು ನನ್ನ ಹತ್ರ ಬರೋ ಹಾಗಾದ್ರೆ ಸಾಕು. ಕೂತ್ಕೊಂಡು ತಬ್ಕೊಳ್ಳೋದಕ್ಕೆ ಯಾವ ಡಾಕ್ಟ್ರೂ ಬೇಡ ಅಂದಿಲ್ಲ."

ನಾನು ಸೌಟು ಕೆಳಗಿಟ್ಟೆ. ಹೊರಗೆ ಬಂದು ಅಪ್ಪಣೆ ಹೊರಡಿಸಿದೆ: ಇವತ್ತಿನಿಂದ ಈ ಮಗುವನ್ನು ಯಾರೂ ಎತ್ತಕೂಡದು.

ನಮ್ಮದು ಸಾಲುಮನೆ. ಊರಿನ ಉಕ್ಕಿನ ಕಾರ್ಖಾನೆ ಜೋರಾಗಿದ್ದ ಕಾಲದಲ್ಲಿ ಕಟ್ಟಿದ್ದು. ಗೋಡೆಗೆ ಗೋಡೆ ಅಂಟಿಕೊಂಡು, ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವಂಥ ಮನೆಗಳು. ಬಲಕ್ಕೆ ತಮಿಳಿನಾಕೆ, ಮಾವನ ಕಾಲಕ್ಕೇ ಇಲ್ಲಿಗೆ ಬಂದ ಮನೆಯವರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಎದುರಿಗೆ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಸಾಬರ ಮನೆಯಾಕೆ, ಮಗಳ ಬಾಯಲ್ಲಿ ಚಿಕ್ಕಂದಿನಿಂದಲೂ ಆಪಾ. ಇಬ್ಬರನ್ನೂ ಕರೆದು ವಿಷಯ ತಿಳಿಸಿದೆ. ಇಬ್ಬರೂ ತಲೆಯಾಡಿಸಿದರು. "ಸರಿಯಾದ ಮಾತು ಅಮ್ಮಾ, ಎತ್ತೀ ಎತ್ತೀನೇ ಮಕ್ಕಳು ಕೆಡೋದು" ಎಂದು ಆಪಾ ಹೇಳುವಾಗ ಮಗು ಆಕೆಯ ಸೊಂಟದಲ್ಲೇ ಇದ್ದಳು.

ಅಪ್ಪಣೆ ಮಧ್ಯಾಹ್ನದವರೆಗೂ ಬಾಳಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ನಮ್ಮ ಯಜಮಾನರು ಮಗುವನ್ನು ಎತ್ತಿಕೊಂಡು ನಿಂತಿದ್ದಾರೆ.

"ಏನ್ರೀ ಇದು?"

"ಎತ್ತಿಲ್ಲ ಮಾರಾಯ್ತಿ, ಕಾಗೆ ತೋರಿಸ್ತಿದೀನಿ. ಕಾಗೆ ಮೇಲಿದೆ, ನಾನೇನು ಮಾಡ್ಲಿ?"

ಅವರ ಕೈಯಿಂದ ಬಿಡಿಸಿ ನೆಲಕ್ಕೆ ಬಿಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮಗು ಮಾಯ. ಎದುರು ಮನೆಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಕೂತು ನೂಲುಂಡೆ ಉರುಳಿಸುತ್ತಿದ್ದಾಳೆ. "ಎತ್ತಿದ್ದೆಲ್ಲಿ ಅಮ್ಮಾ? ಮಿಷನ್ ಮೇಲೆ ಕೂರ್ಸಿದೀನಿ ಅಷ್ಟೇ" ಎಂದು ಆಪಾ. ಸಂಜೆ ಅಕ್ಕನ ಸರದಿ. "ನಾನ್ ಎತ್ಲೇ ಇಲ್ಲ ಅಮ್ಮಾ, ಕೂತಿದ್ದೆ, ಅವಳೇ ಹತ್ಕೊಂಡ್ಳು, ನಾನ್ ಎದ್ದೆ. ಎದ್ದೇಳೋದೂ ತಪ್ಪಾ?"

ಕೋಟೆಯಿಂದ ಬೀಗಿತ್ತಿಯವರ ಫೋನು ದಿನಾ ಬರುತ್ತಿತ್ತು. "ನಡೆದಳಾ?" ಎನ್ನುವುದೇ ಮೊದಲ ಮಾತು. "ಇಲ್ಲಿದ್ದಿದ್ರೆ ಇಷ್ಟೊತ್ತಿಗೆ ತುಂಗಾ ತೀರದವರೆಗೂ ಓಡಿಬಿಡ್ತಿದ್ಲು" ಎಂದು ಅವರು ಅಂದರೆ, "ಅಲ್ಲಿ ನೆಲ ಅನ್ನೋದೊಂದಿದೆ ಅಂತ ಮಗೂಗೆ ನೀವು ತೋರಿಸಿದ್ರೆ ತಾನೇ?" ಎಂದು ನಾನು. ಇಬ್ಬರೂ ನಕ್ಕು ಫೋನಿಡುತ್ತಿದ್ದೆವು.

ನಡೆಯುವುದೊಂದು ಬಿಟ್ಟರೆ ಮಗು ಬೇರೆಲ್ಲದರಲ್ಲೂ ಮುಂದೆಯೇ. ಲೋಟದಲ್ಲಿ ನೀರು ಕುಡಿಯಲು ಕಲಿತಳು, ಅರ್ಧ ನೀರು ಅಂಗಿಗೆ. ಡಬ್ಬಿಗಳ ಮುಚ್ಚಳ ತೆಗೆದು ಸಾಸಿವೆ ಡಬ್ಬಿಗೆ ಮೆಂತ್ಯದ ಮುಚ್ಚಳ ಹಾಕಿಡುವಳು. ಅನ್ನಕ್ಕೆ ಬೂವ, ಬೆಕ್ಕಿಗೂ ಬೂವ, ಅಜ್ಜನಿಗೆ ಮಾತ್ರ ಸ್ಪಷ್ಟವಾಗಿ ಅಜ್ಜ. ನನಗೆ ಹೊಟ್ಟೆಕಿಚ್ಚು. ಒಂದು ದಿನ ಮಂಚ ಹಿಡಿದು ನಿಂತವಳು ಹಾಗೇ ಬಗ್ಗಿ ಕಾಲುಗಳ ಸಂದಿಯಿಂದ ಹಿಂದಕ್ಕೆ ನೋಡಿದಳು. ಮಗು ಹೀಗೆ ನೋಡಿದರೆ ಹಿಂದಿನಿಂದ ಇನ್ನೊಂದು ಮಗು ಬರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. "ಅಯ್ಯೋ ನಮ್ಮವ್ವಾ, ಬರೋದು ಗೊತ್ತಾಗಿ ಏಳು ತಿಂಗಳಾಯ್ತು, ಈಗ ನೋಡ್ತಿದೀಯಾ?" ಎಂದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂದು ಮಧ್ಯಾಹ್ನ ಮಗಳು ಚಾಪೆಯ ಮೇಲೆ ಮಲಗಿದ್ದಾಗ, ಪಕ್ಕದಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದ ಮಗು ಸೆರಗು ಸರಿಸಿ ಒಂದೊಂದೇ ಮಂಡಕ್ಕಿಯನ್ನು ಅಮ್ಮನ ಹೊಕ್ಕುಳಿಗೆ ಇಡತೊಡಗಿದಳು. ಏನೇ ಇದು ಎಂದು ಕೇಳಿದರೆ, "ಪಾಪು" ಎಂದಳು. ಪಾಪುವಿಗೆ ಊಟ! ಮಗಳು ಮಂಡಕ್ಕಿ ಬಿದ್ದೀತೆಂದು ಅಲುಗಾಡದೆ ಮಲಗಿದ್ದಳು. ನಗುತ್ತಿದ್ದಳು, ಕಣ್ಣಂಚು ಒದ್ದೆಯಾಗಿತ್ತು. ಅಷ್ಟಾದರೂ ಎದ್ದು ನಿಂತ ಕೂಡಲೇ ಮತ್ತೆ ಅದೇ ಕತೆ. ಮಗು ಅಮ್ಮನನ್ನು ಬಿಟ್ಟು ನನ್ನ ಕಡೆಗೋ ಅಜ್ಜನ ಕಡೆಗೋ ಕೈ ಎತ್ತುತ್ತಿದ್ದಳು. ಮಗಳು ಕೈ ಹಿಂದೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದಳು.

ಎಂಟು ತುಂಬಿ ಒಂಬತ್ತಕ್ಕೆ ಬಿದ್ದಾಗ ಬಳೆ ತೊಡಿಸುವುದೆಂದು ನಿಶ್ಚಯವಾಯಿತು. ಎರಡನೆಯದಕ್ಕೆ ನಮ್ಮಲ್ಲಿ ಸೀಮಂತವಿಲ್ಲ. ತವರಿನವರು ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಊಟ ಹಾಕಿದರೆ ಆಯಿತು. ಕೋಟೆಯವರೆಲ್ಲ ಬರುವವರಿದ್ದರು. ಹಿಂದಿನ ದಿನ ಮಧ್ಯಾಹ್ನ ಆಪಾ ಮೆಹಂದಿ ಕೋನುಗಳನ್ನು ಹಿಡಿದುಕೊಂಡು ಬಂದರು.

"ಬರೀ ಬಳೆ ಹಾಕಿದ್ರೆ ಕೈಗೆ ಏನು ಕಳೆ ಅಮ್ಮಾ? ಕೊಡಿಲ್ಲಿ ನಿಮ್ಮ ಮಗಳ ಕೈ."

ಮಗಳನ್ನು ಗೋಡೆಗೆ ದಿಂಬು ಕೊಟ್ಟು ಕೂರಿಸಿ, ಮೊಣಕೈವರೆಗೆ ಬಳ್ಳಿ, ಎಲೆ, ನವಿಲು ಎಲ್ಲ ಬರೆದರು. ಆಮೇಲೆ ಅಕ್ಕನಿಗೆ. "ನನಗ್ಯಾಕೆ ಈ ವಯಸ್ಸಲ್ಲಿ" ಎಂದು ನಾನು ಎರಡು ಸಲ ಅಂದೆ, ಮೂರನೇ ಸಲ ಅನ್ನುವುದರೊಳಗೆ ಕೈ ಚಾಚಿದ್ದೆ. ಎಲ್ಲ ಮುಗಿಸಿ ಆಪಾ ತಮ್ಮ ಎಡಗೈಗೂ ಬರೆದುಕೊಂಡು, ಬಲಗೈ ತೋರಿಸಿ, "ಇದಕ್ಕೆ ಯಾರು ಹಾಕ್ತೀರಿ?" ಎಂದಾಗ ಅಕ್ಕ ತಮ್ಮ ಬೆರಳ ತುದಿಯಲ್ಲೇ ಕೋನು ಹಿಡಿದು ಏನೋ ಗೀಚಿದರು. "ಇದೇನು, ನವಿಲಾ?" "ಇಲ್ಲ, ಬದನೆಕಾಯಿ" ಎಂದು ಅಕ್ಕ. ನಮ್ಮ ನಗುವಿಗೆ ಒಳಕೋಣೆಯಲ್ಲಿ ಮಲಗಿದ್ದ ಮಗುವಿಗೆ ಎಚ್ಚರವಾಯಿತು.

ಕೋಣೆಗೂ ನಡುಮನೆಗೂ ಬಾಗಿಲಿಲ್ಲ, ಪರದೆ ಮಾತ್ರ, ಅದನ್ನೂ ಮೇಲೆ ಕಟ್ಟಿದ್ದೆವು. ಮಗು ಕೌದಿಯ ಮೇಲೆ ಎದ್ದು ಕೂತು ಕಣ್ಣುಜ್ಜಿಕೊಂಡು ವಾಡಿಕೆಯಂತೆ ಎರಡೂ ಕೈ ಮೇಲೆತ್ತಿದಳು.

ಯಾರೂ ಏಳಲಿಲ್ಲ. ಏಳುವುದು ಹೇಗೆ? ನಾಲ್ಕು ಜನ ಹೆಂಗಸರು, ಎಂಟೂ ಕೈ ಹಸಿ ಮೆಹಂದಿ. ಮಗು ನನ್ನನ್ನು ನೋಡಿದಳು. ನಾನು ಅಂಗೈ ತೋರಿಸಿದೆ. ಅಕ್ಕನನ್ನು ನೋಡಿದಳು, ಅಕ್ಕನೂ ತೋರಿಸಿದರು. ಆಪಾ ತೋರಿಸಿದರು. ಇದ್ಯಾವ ಆಟ ಎಂಬಂತೆ ಅವಳ ಹುಬ್ಬು ಗಂಟಾಯಿತು. ಕೆಳತುಟಿ ಹೊರಗೆ ಬಂತು. ಇನ್ನೇನು ಅಳಬೇಕು, ಆಗ ಅವಳ ಕಣ್ಣು ಅಮ್ಮನ ಮೇಲೆ ಬಿತ್ತು.

ಮಗಳು ಮೆಹಂದಿ ಸೀರೆಗೆ ತಾಗಬಾರದೆಂದು ಎರಡೂ ತೋಳುಗಳನ್ನು ಅಗಲವಾಗಿ ಚಾಚಿ, ಅಂಗೈ ಬಿಡಿಸಿಕೊಂಡು ಕೂತಿದ್ದಳು. ಎರಡು ತಿಂಗಳಿನಿಂದ ಬೆನ್ನ ಹಿಂದೆ ಇದ್ದ ಕೈಗಳು. ಮಗುವಿಗೆ ಮೆಹಂದಿ ಏನು ಗೊತ್ತು? ಅಮ್ಮ ಬಾ ಎಂದು ಕರೆಯುತ್ತಿದ್ದಾಳೆ ಎಂದುಕೊಂಡಳು.

ಪಕ್ಕದ ಟ್ರಂಕು ಹಿಡಿದು ಎದ್ದಳು. ಟ್ರಂಕು ಮುಗಿಯುವವರೆಗೆ ಅದನ್ನೇ ಹಿಡಿದುಕೊಂಡು ಬಂದಳು. ಟ್ರಂಕು ಮುಗಿಯಿತು. ಮುಂದೆ ಬರೀ ನೆಲ.

ಸರಿಯಾಗಿ ಆ ಹೊತ್ತಿಗೆ ನಮ್ಮ ಯಜಮಾನರು ನಾಳೆಯ ಅಡುಗೆಗೆ ತರಕಾರಿ ಚೀಲ ಹಿಡಿದು ಒಳಗೆ ಬಂದರು. ತೂರಾಡುತ್ತಾ ನಿಂತ ಮೊಮ್ಮಗಳನ್ನು ಕಂಡವರೇ ಚೀಲ ಬಿಟ್ಟು, "ಅಯ್ಯಯ್ಯೋ, ಬೀಳ್ತಾಳೆ" ಎಂದು ಕೈ ಚಾಚಿ ನುಗ್ಗಿದರು.

"ಮುಟ್ಬೇಡ್ರೀ!" ಎಂದು ನಾನು. "ತೊಡಾದೀಂಗ!" ಎಂದು ಅಕ್ಕ. "ಹಾತ್ ನಕ್ಕೋ ಲಗಾವ್!" ಎಂದು ಆಪಾ. ಮೂರು ಭಾಷೆಯಲ್ಲಿ ಬೈಸಿಕೊಂಡ ಮನುಷ್ಯ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ಹಾಗೇ ನಿಂತುಬಿಟ್ಟರು. ನುಗ್ಗೆಕಾಯಿಗಳು ನೆಲದ ಮೇಲೆ ಉರುಳಿ ಬಿದ್ದವು.

ಮಗಳು ಕೈಗಳನ್ನು ಇನ್ನೂ ಸ್ವಲ್ಪ ಅಗಲ ಮಾಡಿದಳು.

ಮಗು ಟ್ರಂಕು ಬಿಟ್ಟಳು. ಒಂದು ಹೆಜ್ಜೆ. ನಿಂತಳು. ತನ್ನ ಕಾಲನ್ನೇ ಬಗ್ಗಿ ನೋಡಿಕೊಂಡಳು, ಇದು ಯಾರದು ಎಂಬಂತೆ. "ವಾ ಕಣ್ಣು, ವಾ ವಾ" ಎಂದು ಅಕ್ಕ ತಮಿಳಿನಲ್ಲೇ ಪಿಸುದನಿಯಲ್ಲಿ ಕರೆದರು. ಇನ್ನೊಂದು ಹೆಜ್ಜೆ. ನುಗ್ಗೆಕಾಯಿಯೊಂದನ್ನು ತುಳಿದು ವಾಲಿದಳು, ಸಾವರಿಸಿಕೊಂಡಳು, ಆಮೇಲೆ ನಿಲ್ಲಲೇ ಇಲ್ಲ. ಕೈಯೆರಡನ್ನೂ ಮೇಲೆ ಹಿಡಿದುಕೊಂಡು, ಬಾಯಿ ತೆರೆದುಕೊಂಡು, ಧಡಧಡನೆ ಬಂದು ಅಮ್ಮನ ಎದೆಯ ಮೇಲೆ ಬಿದ್ದಳು. ಎಷ್ಟು ಹೆಜ್ಜೆ ಎಂಬುದರ ಮೇಲೆ ಆಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಯಾರ ಲೆಕ್ಕವೂ ಇನ್ನೊಬ್ಬರದಕ್ಕೆ ತಾಳೆಯಾಗಲಿಲ್ಲ.

ಮಗಳು ನವಿಲನ್ನೂ ಬಳ್ಳಿಯನ್ನೂ ಮರೆತು ಎರಡು ಕೈಯಲ್ಲೂ ಮಗುವನ್ನು ಬಾಚಿ ತಬ್ಬಿಕೊಂಡಳು. "ಬಂದ್ಯಾ? ನೀನೇ ಬಂದ್ಯಾ?" ಎನ್ನುವುದೊಂದೇ ಮಾತು. ಮೆಹಂದಿಯೆಲ್ಲ ಮಗುವಿನ ಬೆನ್ನಿಗೆ, ತಲೆಗೆ, ಕಿವಿಗೆ.

"ಹೋಯ್ತು ನನ್ನ ಅರ್ಧ ದಿನದ ಕೆಲಸ" ಎಂದು ಆಪಾ ಮೊಣಕೈಯಿಂದ ಕಣ್ಣೊರೆಸಿಕೊಂಡರು. "ಹೋಗ್ಲಿ ಬಿಡಿ. ಇನ್ನೊಂದು ಕೋನ್ ಇದೆ."

"ನಾನು ಈಗ ಕಾಲು ತೆಗೀಬಹುದಾ?" ಎಂದು ನಮ್ಮ ಯಜಮಾನರು ಅಲ್ಲಿಂದಲೇ ಕೇಳಿದರು.

ಸ್ಪೀಕರ್ ಫೋನಿನಲ್ಲಿ ಬೀಗಿತ್ತಿಗೆ ವರದಿ ಹೋಯಿತು. ಅವರು ಕಿರುಚಿದ್ದು ಅಕ್ಕನ ಮನೆಯವರೆಗೂ ಕೇಳಿಸಿತು. ಮರುಕ್ಷಣವೇ, "ನಾಳೆ ನಾವು ಬರೋವರೆಗೂ ಅವಳನ್ನ ಕೂರಿಸಿಟ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ?" ಎಂದು ತರಾಟೆಗೆ ತೆಗೆದುಕೊಂಡರು. ಮರುದಿನ ಅವರೆಲ್ಲ ಬಂದು ಸಾಲಾಗಿ ಕೂತು, ಬಾ ಬಾ ಎಂದು ಕರೆದರೆ ಆ ಪುಣ್ಯಾತ್ಗಿತ್ತಿ ಒಂದಡಿಯೂ ಅಲುಗಲಿಲ್ಲ. ಕೂತಲ್ಲೇ ಕೈಯೆತ್ತಿ ಕೋಟೆಯ ಅಜ್ಜಿಯ ಸೊಂಟ ಏರಿ, ಊಟ ಮುಗಿಯುವವರೆಗೂ ಇಳಿಯಲಿಲ್ಲ. "ನಿಜವಾಗ್ಲೂ ನಡೆದಳೇನ್ರೀ?" ಎಂದು ಬೀಗಿತ್ತಿ ನನ್ನ ಕಿವಿಯಲ್ಲಿ ಕೇಳಿದರು. ಬಳೆಗಾರ ಬಂದು ಮಗಳ ಕೈ ಹಿಡಿದಾಗ, ಅಲ್ಲಿ ಬಳ್ಳಿಯೂ ಇಲ್ಲ, ನವಿಲೂ ಇಲ್ಲ, ಕೆಂಪು ಮೋಡ ಕವಿದ ಹಾಗಿತ್ತು. ಎರಡನೇ ಕೋನು ಹಾಕಿಸಿಕೊಳ್ಳಲು ಅವಳು ಒಪ್ಪಿರಲಿಲ್ಲ. ಕೇಳಿದವರಿಗೆಲ್ಲ ಹೆಮ್ಮೆಯಿಂದ ಆ ಕೈಯನ್ನೇ ತೋರಿಸಿದಳು.

ಮಾಸು ಮೇಲೆ ಸರಿದಿದೆ, ಗಾಬರಿ ಬೇಡ ಎಂದು ಮುಂದಿನ ಸ್ಕ್ಯಾನಿನಲ್ಲಿ ತಿಳಿಯಿತು. ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಅಳಿಯ ಕಾರು ತಂದರು, ದಾರಿಯಲ್ಲಿ ಮಲವಗೊಪ್ಪ ದಾಟುವಾಗ ನಾನು ಮಗಳ ಕೈ ಹಿಡಿದುಕೊಂಡಿದ್ದೆ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅದೇ ಸಂಜೆ ಇನ್ನೊಂದು ಹೆಣ್ಣು ಮಗು ಹುಟ್ಟಿತು.

ಮರುದಿನ ನಮ್ಮ ಯಜಮಾನರು ದೊಡ್ಡವಳನ್ನು ಕರೆದುಕೊಂಡು ಬಂದರು. ವಾರ್ಡಿನ ಬಾಗಿಲಲ್ಲಿ ಅವಳೇ ಕೊಸರಿಕೊಂಡು ಇಳಿದಳಂತೆ. ಮಂಚದ ಕಡೆಗೆ ನಡೆದು ಬಂದು ಕಂಬಿ ಹಿಡಿದು ನಿಂತಳು. ಮಂಚ ಎತ್ತರ, ಹತ್ತಲು ಆಗಲಿಲ್ಲ. ಮಗಳು ಚಿಕ್ಕದನ್ನು ನನ್ನ ಕೈಗೆ ಕೊಟ್ಟು, ನಿಧಾನವಾಗಿ ಇಳಿದು, ಪಕ್ಕದ ಕುರ್ಚಿಯಲ್ಲಿ ಕೂತು ತೋಳು ಬಿಡಿಸಿದಳು. ದೊಡ್ಡವಳು ಅಲ್ಲಿಗೆ ಹೋದಳು.