ಶನಿವಾರದ ಕಬ್ಬಿಣ

ಡಬ್ಬಿಯಲ್ಲಿ ಬಳಪ ಕರಗುತ್ತಿತ್ತು. ಸೋಮವಾರ ತಂದ ಹೊಸ ಪೆಟ್ಟಿಗೆ ಗುರುವಾರಕ್ಕೆ ಅರ್ಧ. ಸ್ಲೇಟಿನ ಮೇಲೆ ಒಂದು 'ಅ' ತಿದ್ದುವುದಕ್ಕೇ ರಂಪ ಮಾಡುವ ನಾಲ್ಕು ವರ್ಷದ ಸಿಂಚನ ಇಷ್ಟೊಂದು ಸವೆಸಿರುವುದು ಸಾಧ್ಯವೇ ಇಲ್ಲ. ತಿನ್ನುತ್ತಿದ್ದಾಳೆ, ಇನ್ನೇನು. ಈ ಯೋಚನೆ ತಲೆಗೆ ಹೊಕ್ಕಿದ್ದೇ ತಡ, ನಳಿನಾಕ್ಷಿಗೆ ಅನ್ನ ಇಳಿಯಲಿಲ್ಲ. ಬೆಂಗಳೂರಿನಲ್ಲಿ ಬಿಎಸ್ಸಿ ಮುಗಿಸಿ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದವಳು. ಮಕ್ಕಳಿಗೆ ಬರಬಹುದಾದ ಕಾಯಿಲೆಗಳೆಲ್ಲ ಅವಳಿಗೆ ಬಾಯಿಪಾಠ. ದಿನಕ್ಕೆ ಆರು ಸಲ ಮಗಳ ನಾಲಿಗೆ ನೋಡಿದಳು. ಏಳನೆಯ ಸಲಕ್ಕೆ ಮಗು ಕರೆಯುವ ಮುಂಚೆಯೇ ನಾಲಿಗೆ ಚಾಚಿಕೊಂಡು ಬಂದು ನಿಂತಿತು.

ಕಳ್ಳರು ಸಿಕ್ಕಿದ್ದು ಮರುದಿನ ಮಧ್ಯಾಹ್ನ, ರೇಷ್ಮೆಹುಳದ ತಟ್ಟೆಗಳನ್ನು ಪೇರಿಸಿಟ್ಟ ಕೋಣೆಯಲ್ಲಿ. ಕಟಕಟ ಸದ್ದು ಕೇಳಿ ಇಣುಕಿದರೆ, ಅತ್ತೆ ಕದಿರಮ್ಮ ಗೋಡೆಗೆ ಒರಗಿ ಕೂತಿದ್ದರು, ತುಟಿಯೆಲ್ಲ ಬೂದು ಬಣ್ಣ.

"ಏನತ್ತೆ ಅದು?"

"ಬಳಪ ಕಣಮ್ಮ. ಮೊದ್ಲು ಗೋಡೆ ಸುಣ್ಣ ಕೆರ್ಕೊಂಡು ತಿಂತಿದ್ದೆ. ಅದಕ್ಕಿಂತ ಇದು ವಾಸಿ. ಕೂತ್ಕೋ, ಒಂದು ತುಂಡು ತಿಂದು ನೋಡು."

ಈ ಕದಿರಮ್ಮ ಸಾಮಾನ್ಯರಲ್ಲ. ಗಂಡ ಕೋನಪ್ಪ ಹೋದ ಮೇಲೆ ಹಿಪ್ಪುನೇರಳೆ ಸೊಪ್ಪು ಹೊತ್ತು, ಹುಳ ಮೇಯಿಸಿ, ಮಗ ರಾಮಾಂಜಿನಪ್ಪನನ್ನು ಓದಿಸಿ ಚಿಂತಾಮಣಿಯಲ್ಲಿ ಮೇಷ್ಟ್ರು ಮಾಡಿದವರು. ಒಂದು ಕಾಲದಲ್ಲಿ ತೊಂಬತ್ತೆರಡು ಕೆಜಿ ತೂಗುತ್ತಿದ್ದರು. ಅವರು ಗೂಡಿನ ಮಾರುಕಟ್ಟೆಗೆ ಬಂದರೆ ವ್ಯಾಪಾರಿಗಳು ತಾವಾಗಿಯೇ ದಾರಿ ಬಿಡುತ್ತಿದ್ದರು. ಎಂಬತ್ತೆಂಟನೇ ಇಸವಿಯಲ್ಲಿ ಹೊಟ್ಟೆಯೊಳಗೆ ಹುಣ್ಣಾಗಿ ಬೆಂಗಳೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊಟ್ಟೆ ಕತ್ತರಿಸಿ ತೆಗೆದರು. ಐದು ವರ್ಷದಲ್ಲಿ ತೂಕವೂ ಅರ್ಧಕ್ಕಿಳಿಯಿತು. ಸಣ್ಣಗಾದರೆ ಬೆಂಗಳೂರಿನವರು ಹೊಗಳುತ್ತಾರೆ. ಶಿಡ್ಲಘಟ್ಟದವರು ಸೊಸೆಯ ಮುಖ ನೋಡುತ್ತಾರೆ. ಎದುರುಮನೆ ವರಲಕ್ಷ್ಮಮ್ಮ ನೇರವಾಗಿಯೇ ಕೇಳಿದ್ದರು, "ಏನು ಪಾಪಾ, ಅತ್ತೆಗೆ ಮುದ್ದೆ ಹಾಕ್ತೀಯೋ ಇಲ್ವೋ?"

ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಐದೂವರೆ. ಹೊಟ್ಟೆ ಕತ್ತರಿಸಿದವರಿಗೆ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದಿಲ್ಲ, ಮಾತ್ರೆಯೂ ದಕ್ಕುವುದಿಲ್ಲ, ನೇರ ನರಕ್ಕೇ ಬಿಡಬೇಕು ಎಂದು ಊರಿನ ಡಾಕ್ಟರು ನಳಿನಾಕ್ಷಿಗೆ ಹೇಳಿದರು. ಬಳಪದ ಚಪಲವೂ ಕಬ್ಬಿಣ ಕಡಿಮೆಯಾಗಿದ್ದರಿಂದಲೇ ಅಂತೆ. ಚಿಕ್ಕಬಳ್ಳಾಪುರದ ಒಂದು ನರ್ಸಿಂಗ್ ಹೋಮಿಗೆ ಬೆಂಗಳೂರಿನಿಂದ ದೊಡ್ಡ ಡಾಕ್ಟರು ಬರುತ್ತಾರೆ, ಅವರ ಕಣ್ಣೆದುರಿಗೇ ಹಾಕಿಸಬೇಕು, ವಾರಕ್ಕೊಂದರಂತೆ ಮೂರು ಬಾಟ್ಲಿ.

ಅವರು ಬರುವುದು ಶನಿವಾರ ಮಾತ್ರ.

ಮೊದಲ ಶನಿವಾರ ಕದಿರಮ್ಮ ಸಂಭ್ರಮದಿಂದಲೇ ಬಸ್ಸು ಹತ್ತಿದರು. ಹಾಸಿಗೆಯ ಮೇಲೆ ಮಲಗಿ, ಮೇಲೆ ತೂಗುತ್ತಿದ್ದ ಕಂದು ಬಾಟ್ಲಿ ನೋಡಿ, "ಕಾಫಿ ಡಿಕಾಕ್ಷನ್ ಇದ್ದಂಗೈತಲ್ಲಮ್ಮ, ಹಾಲು ಹಾಕಲ್ವಾ?" ಎಂದು ನರ್ಸನ್ನು ನಗಿಸಿದರು. ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ಮೊದಲು ನಾಲ್ಕು ಹನಿ ಬಿಟ್ಟು ಕಾಯುತ್ತಾರೆ. ಹಾಗೆ ಕಾಯುವಾಗ ನರ್ಸು ಮಾತಿಗೆ ಹೇಳಿದಳು, "ಇದು ಕಬ್ಬಿಣ ಅಜ್ಜಿ. ಎಲ್ಲಾ ಒಳಗೆ ಹೋದ್ರೆ ಗಟ್ಟಿಮುಟ್ಟಾಗ್ತೀರ."

ಕದಿರಮ್ಮ ಎದ್ದು ಕೂತರು. "ಇವತ್ತು ಶನಿವಾರ ಅಲ್ವೇನಮ್ಮ? ತೆಗಿ ಇದನ್ನ."

"ಅಜ್ಜಿ, ಸೂಜಿ..."

"ಸೂಜೀನೂ ಕಬ್ಬಿಣಾನೇ ತಾನೇ? ತೆಗಿ. ಒಳಗೆ ಹೋಗಿರೋ ನಾಲ್ಕು ಹನೀನೂ ವಾಪಸ್ ಎಳೆದುಬಿಡು."

ಶನಿವಾರ ಕಬ್ಬಿಣ ತಂದರೆ ಶನಿಯನ್ನೇ ಕರೆತಂದಂತೆ ಎಂಬುದರಲ್ಲಿ ಕದಿರಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೋನಪ್ಪ ಒಂದು ಶನಿವಾರ ಹೊಸ ಕುಡುಗೋಲು ತಂದಿದ್ದಕ್ಕೆ ಆ ಸಲದ ಹುಳವೆಲ್ಲ ಸತ್ತಿದ್ದನ್ನು ಕಣ್ಣಾರೆ ಕಂಡವರು. ನಳಿನಾಕ್ಷಿಯ ತವರಿನ ಕಬ್ಬಿಣದ ಬೀರು ಶನಿವಾರ ಬಂದಾಗ ಅದನ್ನು ಭಾನುವಾರದವರೆಗೆ ಬೀದಿಯಲ್ಲೇ ನಿಲ್ಲಿಸಿ, ಮಳೆ ಬಂದೀತೆಂದು ಅದಕ್ಕೊಂದು ಕಂಬಳಿ ಹೊದಿಸಿದ್ದರು.

"ಇದು ಔಷಧಿ ಅತ್ತೆ, ಮನೆಗೆ ತರೋ ಸಾಮಾನಲ್ಲ," ಎಂದಳು ನಳಿನಾಕ್ಷಿ.

"ಮನೆಗೇ ತರಬಾರ್ದು ಅಂದ್ಮೇಲೆ ಮೈಯೊಳಕ್ಕೆ ತರ್ತಾರೇನೇ?"

ನಳಿನಾಕ್ಷಿ ಬಿಎಸ್ಸಿಯ ಪಾಠಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದಳು. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದು, ಕಾದು ಕೂತಿದ್ದವರೆಲ್ಲರ ಮುಂದೆ, "ಅವರಿಗಂತೂ ಗೊತ್ತಾಗಲ್ಲ, ಓದಿರೋ ನೀವಾದ್ರೂ ಹೇಳಬಾರ್ದೇನ್ರಿ?" ಎಂದುಬಿಟ್ಟರು. ನಳಿನಾಕ್ಷಿಯ ಕಿವಿ ಬಿಸಿಯಾಯಿತು. ವಾಪಸ್ ಬರುವ ಬಸ್ಸಿನಲ್ಲಿ ಕದಿರಮ್ಮ ಕಡಲೆಕಾಯಿ ಬಿಡಿಸಿ ಬಿಡಿಸಿ ಅವಳ ಕೈಗೆ ಹಾಕಿದರು, ಸಮಾಧಾನಕ್ಕೆ.

ರಾಮಾಂಜಿನಪ್ಪ ಒಂದು ಉಪಾಯ ಹೇಳಿದ. "ಮುಂದಿನ ಶನಿವಾರ, ಇವತ್ತು ಶುಕ್ರವಾರ ಅಂತ ಹೇಳಿ ಕರ್ಕೊಂಡು ಹೋಗೋಣ."

"ಶನಿವಾರ ಒಪ್ಪೊತ್ತು ಮಾಡೋರು ರೀ ನಿಮ್ಮಮ್ಮ. ಅವರ ಹೊಟ್ಟೇಗೇ ಗೊತ್ತಾಗತ್ತೆ."

"ಇರೋದು ಅರ್ಧ ಹೊಟ್ಟೆ ತಾನೇ?" ಎಂದ ರಾಮಾಂಜಿನಪ್ಪ. ಹೆಂಡತಿ ನೋಡಿದ ನೋಟಕ್ಕೆ ಚಿಂತಾಮಣಿ ಬಸ್ಸು ಹಿಡಿಯಲು ಹೊರಟೇಬಿಟ್ಟ.

ಎರಡು ಶನಿವಾರ ಕಳೆದವು. ಕದಿರಮ್ಮ ಬೀದಿ ನಲ್ಲಿಗೆ ಹೋಗುವಾಗ ಮೂರು ಜಗುಲಿಗಳ ಮೇಲೆ ಕೂತು ಹೋಗಲು ಶುರು ಮಾಡಿದರು. ಕೇಳಿದರೆ, "ಎಲ್ಲರ ಮನೆ ಸಮಾಚಾರ ತಿಳ್ಕೋಬೇಕಲ್ಲಮ್ಮ," ಎನ್ನುತ್ತಿದ್ದರು, ಪದಕ್ಕೊಂದು ಏದುಸಿರು ಬಿಡುತ್ತ. ಮತ್ತೆ ರಕ್ತ ನೋಡಿಸಿದರೆ ನಾಲ್ಕೂವರೆ. ಇನ್ನೂ ಇಳಿದರೆ ಹೃದಯ ತಡೆಯುವುದಿಲ್ಲ ಎಂದರು ಊರಿನ ಡಾಕ್ಟರು.

ದೊಡ್ಡ ಡಾಕ್ಟರಿಗೆ ಫೋನು ಮಾಡಿ ಬೇರೆ ದಿನ ಕೇಳಬೇಕು, ಅಷ್ಟೇ. ಆದರೆ ಏನೆಂದು ಕೇಳುವುದು? ನಳಿನಾಕ್ಷಿ ಮೂರು ಸಲ ಚೆನ್ನರಾಯಪ್ಪನ ಎಸ್‌ಟಿಡಿ ಬೂತಿನವರೆಗೆ ಹೋಗಿ, ಮೂರು ಸಲವೂ ಒಂದೊಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಂಡು ವಾಪಸ್ಸಾಗಿದ್ದಳು. ನಾಲ್ಕನೆಯ ದಿನ ಕದಿರಮ್ಮ ನಾಲ್ಕನೆಯ ಜಗುಲಿಯ ಮೇಲೂ ಕೂತರು. ಬಹಳ ಹೊತ್ತು ಏಳಲಿಲ್ಲ, ಸಮಾಚಾರವನ್ನೂ ಕೇಳಲಿಲ್ಲ. ನಳಿನಾಕ್ಷಿ ಅವರನ್ನು ಮನೆ ಸೇರಿಸಿ, ಮಗುವನ್ನು ವರಲಕ್ಷ್ಮಮ್ಮನ ಮಡಿಲಿಗೆ ಹಾಕಿ, ಬೂತಿಗೆ ನಡೆದಳು. ಮನೆಗೆ ನೆಂಟರು ಬಂದಿದ್ದರು, ಬಸ್ಸು ಸಿಗಲಿಲ್ಲ, ಶನಿವಾರ ಗಂಡನಿಗೆ ರಜೆಯಿಲ್ಲ: ಮೂರು ಸುಳ್ಳುಗಳು ಸಿದ್ಧವಿದ್ದವು.

"ಹಲೋ?" ಅದೇ ಗಡಸು ದನಿ.

ಮೂರೂ ಮರೆತುಹೋದವು. "ಸರ್, ಶಿಡ್ಲಘಟ್ಟದಿಂದ, ಬಾಟ್ಲಿ ಬೇಡ ಅಂತ ಎದ್ದು ಬಂದ್ರಲ್ಲ, ಅವರ ಸೊಸೆ. ನಮ್ಮತ್ತೆ ಶನಿವಾರ ಕಬ್ಬಿಣ ತಗೊಳ್ಳಲ್ಲ ಸರ್. ಬೇರೆ ಯಾವ ದಿನ ಆದ್ರೂ ತಗೋತಾರೆ. ರಕ್ತ ನಾಲ್ಕೂವರೆಗೆ ಇಳಿದಿದೆ. ನೀವು ಬೈದ್ರೂ ಪರವಾಗಿಲ್ಲ, ದಿನ ಮಾತ್ರ ಬದಲಾಯಿಸಿ."

ಆ ಕಡೆ ಕಾಗದ ಮಗುಚುವ ಸದ್ದು. "ಗುರುವಾರ ಗೌರಿಬಿದನೂರಿಗೆ ಬರ್ತಾ ಇದೀನಿ. ಅಲ್ಲಿಗೆ ಕರ್ಕೊಂಡು ಬನ್ನಿ, ಒಂಬತ್ತು ಗಂಟೆಗೆ. ಮೂರು ವಾರಾನೂ ಅಲ್ಲೇ ಹಾಕೋಣ." ಫೋನಿಡುವ ಮುಂಚೆ, "ಅಲ್ಲಮ್ಮ, ಆಮೇಲೆ ಅಮಾವಾಸ್ಯೆ ಅಂತ ಎದ್ದು ಹೋಗಲ್ಲ ತಾನೇ? ಈಗಲೇ ನೋಡಿ ಹೇಳಿಬಿಡಿ."

ನಳಿನಾಕ್ಷಿ ರಿಸೀವರಿಗೆ ಕೈ ಅಡ್ಡ ಹಿಡಿದು ಗಾಜಿನ ಬಾಗಿಲು ತೆರೆದಳು. ಗಾಜಿಗೆ ಕಿವಿ ಹಚ್ಚಿ ನಿಂತಿದ್ದ ಚೆನ್ನರಾಯಪ್ಪ ಆಗಲೇ ಕ್ಯಾಲೆಂಡರಿನ ಮೇಲೆ ಬೆರಳಿಟ್ಟಿದ್ದ.

"ತದಿಗೆ ಕಣಮ್ಮ. ಒಳ್ಳೇ ದಿನ."

"ರಾಹುಕಾಲ ಎಷ್ಟಕ್ಕೆ?" ಎಂದಳು ನಳಿನಾಕ್ಷಿ.

"ಮಧ್ಯಾಹ್ನ ಒಂದೂವರೆಗೆ."

ಅವಳು ಕೈ ತೆಗೆದಳು. "ಬರ್ತೀವಿ ಸರ್. ಒಂದೂವರೆಯೊಳಗೆ ಶುರು ಮಾಡಿದ್ರೆ ಸಾಕು."