ಕುರುಬರಹಳ್ಳಿಯಲ್ಲಿ ಕಲಿತ ಕುಡಿತ

‘ಗುಂಡು ಹಾಕ್ತೀಯಾ ಗುರು?’ ಎಂದು ನಾಗರಾಜ ಕೇಳಿದಾಗ ನನಗೆ ಏನೂ ತಿಳಿಯಲಿಲ್ಲ. ನಮ್ಮ ಗದಗಿನ ಕಡೆ ಗುಂಡು ಎಂದರೆ ಗರಡಿಮನೆಯ ಮುಂದೆ ಹುಡುಗರು ಎತ್ತುವ ಕಲ್ಲು. ‘ಇಲ್ಲೆಲ್ಲೈತಿ ಗುಂಡು?’ ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಬೆಂಗಳೂರಿಗೆ ಬಂದು ಎರಡೇ ದಿನವಾಗಿತ್ತು. ಈ ಊರಿನಲ್ಲಿ ಆ ಮಾತಿಗೆ ಕುಡಿಯುವುದೆಂದು ಅರ್ಥ ಎಂದು ಅವನೇ ಬಿಡಿಸಿ ಹೇಳಿದ. ಅಂದು ನಾನು ಹೋಗಲಿಲ್ಲ.

ಅದು ಎಂಬತ್ಮೂರರ ಬೇಸಿಗೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಕೆಲಸ. ಕುರುಬರಹಳ್ಳಿಯ ವಠಾರದಲ್ಲಿ ನಾಗರಾಜನ ಜೊತೆ ಒಂದು ಕೋಣೆ. ವಠಾರವೆಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆದ ಸಾಲುಮನೆ. ಎಂಟು ಸಂಸಾರಕ್ಕೆ ಒಂದು ನಲ್ಲಿ. ನಾವು ನಳ ಎನ್ನುವುದನ್ನು ಇಲ್ಲಿ ನಲ್ಲಿ ಎನ್ನುತ್ತಾರೆ. ಊರಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಗುತ್ತಿತ್ತು. ಇಲ್ಲಿ ಕೊಡಗಳ ಜಗಳಕ್ಕೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯಲು ನನಗೆ ತಿಂಗಳು ಹಿಡಿಯಿತು.

ಪ್ರಮೀಳಾ ಅದೇ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಬಸವೇಶ್ವರನಗರದವಳು, ತಂದೆ ಶಾಲಾ ಮಾಸ್ತರು. ರಜೆ ಚೀಟಿ ಕೊಡಲು ಹೋದಾಗ ನನ್ನ ‘ಹೌದ್ರೀ, ಅಲ್ರೀ’ ಕೇಳಿ ನಕ್ಕಳು. ‘ಇನ್ನೊಂದ್ಸಲ ಹೇಳಿ, ಚೆನ್ನಾಗಿದೆ’ ಎಂದಳು. ಈ ಊರಲ್ಲಿ ನನ್ನ ಮಾತನ್ನು ಅಣಕಿಸದೆ ನಕ್ಕವಳು ಅವಳೊಬ್ಬಳೇ. ಆರು ತಿಂಗಳಲ್ಲಿ ‘ನೀವು’ ಹೋಗಿ ‘ನೀನು’ ಬಂತು. ಕೆಲಸ ಬಿಟ್ಟ ಮೇಲೆ ರಾಜಾಜಿನಗರದವರೆಗೆ ಒಂದೇ ಬಸ್ಸಿನಲ್ಲಿ ಬಂದು ಪಾರ್ಕಿನಲ್ಲಿ ಅರ್ಧ ಗಂಟೆ ಕೂರುತ್ತಿದ್ದೆವು. ಆ ಅರ್ಧ ಗಂಟೆಗಾಗಿ ಉಳಿದ ಇಡೀ ದಿನವನ್ನು ಸಹಿಸಿಕೊಂಡೆ.

ಜಗಳ ಶುರುವಾದದ್ದು ಅವಳು ‘ಅಪ್ಪನ ಹತ್ರ ಯಾವಾಗ ಬಂದು ಮಾತಾಡ್ತೀಯಾ?’ ಎಂದು ಕೇಳಿದ ಮೇಲೆ. ಊರಲ್ಲಿ ಅವ್ವ ತನ್ನ ಅಣ್ಣನ ಮಗಳನ್ನು ನನಗೆಂದು ಮಾತಾಡಿ ಇಟ್ಟಿದ್ದಳು. ಅವ್ವನಿಗೆ ಒಲ್ಲೆ ಎನ್ನುವ ಎದೆಗಾರಿಕೆ ನನಗಿರಲಿಲ್ಲ. ಪ್ರಮೀಳಾಗೆ ಅದನ್ನು ಹೇಳುವ ಎದೆಗಾರಿಕೆಯೂ ಇರಲಿಲ್ಲ. ‘ನೋಡೂಣು’ ಎನ್ನುತ್ತಿದ್ದೆ. ‘ಏನು ನೋಡೋದು?’ ಎಂದು ಅವಳು ಎದ್ದು ಹೋದ ಸಂಜೆ ನಾನೇ ನಾಗರಾಜನನ್ನು ಕೇಳಿದೆ: ‘ಎಲ್ಲಿ ಸಿಗತೈತಿ ನಿನ್ನ ಗುಂಡು?’

ಆವತ್ತು ಕುಡಿದದ್ದು ಅವಳ ಮಾತು ಮರೆಯಲು. ಮರೆತೆ. ಅದೇ ಕೇಡಾಯಿತು. ಮುಂದೆ ಜಗಳವಾದಾಗಲೆಲ್ಲ ಕುಡಿದೆ. ಕುಡಿದೆನೆಂದು ಅವಳು ಜಗಳವಾಡಿದಳು. ಆ ಜಗಳಕ್ಕೆ ಮತ್ತೆ ಕುಡಿದೆ. ನಮ್ಮೂರಲ್ಲಿ ಇಬ್ಬರಿಗೆ ಮನಸ್ತಾಪವಾದರೆ ಕಾಕಾ ಬರುತ್ತಾನೆ, ಪಕ್ಕದ ಮನೆಯ ಅತ್ತಿ ಬರುತ್ತಾಳೆ, ಇಬ್ಬರಿಗೂ ಬೈದು ಕೂಡಿಸುತ್ತಾರೆ. ಇಲ್ಲಿ ನಮ್ಮ ಪ್ರೀತಿಯೇ ಯಾರಿಗೂ ಗೊತ್ತಿರಲಿಲ್ಲ, ಜಗಳ ಬಿಡಿಸುವವರು ಎಲ್ಲಿಂದ ಬರಬೇಕು? ಇದ್ದದ್ದು ಬಾರಿನ ಮೇಜೊಂದೇ. ಅಲ್ಲಿ ಕುಳಿತ ನನ್ನ ವಯಸ್ಸಿನವರಿಗೆಲ್ಲ ಒಬ್ಬೊಬ್ಬಳ ಮೇಲೆ ಸಿಟ್ಟಿತ್ತು. ಒಬ್ಬರ ಸಿಟ್ಟನ್ನು ಇನ್ನೊಬ್ಬರು ಆರಲು ಬಿಡುತ್ತಿರಲಿಲ್ಲ.

ಒಂದು ಶನಿವಾರ ಪಾರ್ಕಿನಲ್ಲಿ ಅವಳ ಹೊಸ ಸೀರೆಗೆ ಏನೋ ಕೊಂಕು ತೆಗೆದೆ. ಅವಳು ಸಿಟ್ಟಾಗಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: ‘ಜಗಳ ಆಯ್ತು ಅಂತ ಕುಡೀತೀಯೋ, ಕುಡಿಯೋಕೆ ಅಂತ ಜಗಳ ತೆಗೀತೀಯೋ?’

ಉತ್ತರ ಗೊತ್ತಿತ್ತು. ಬಸ್ಸಿನ ಹೊತ್ತಾಯಿತೆಂದು ಎದ್ದೆ.

‘ನಾಳೆ ಹನ್ನೊಂದು ಗಂಟೆಗೆ ಮನೆಗೆ ಬಾ. ಅಪ್ಪಂಗೆ ಹೇಳಿದೀನಿ. ಇದೇ ಕೊನೆ ಸಲ ಕರೀತಿರೋದು’ ಎಂದಳು.

ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ. ಧೈರ್ಯಕ್ಕೆ ಸ್ವಲ್ಪ ಎಂದು ದಾರಿಯ ಬಾರಿನಲ್ಲಿ ನಿಂತೆ. ಅವಳ ಮನೆ ತಲುಪಿದಾಗ ಹನ್ನೆರಡು ದಾಟಿತ್ತು. ಮಾಸ್ತರು ಕುರ್ಚಿ ತೋರಿಸಿದರು. ಕಾಫಿ ತಂದ ಪ್ರಮೀಳಾ ನನ್ನ ಹತ್ತಿರ ಬಗ್ಗಿದವಳು ಲೋಟ ಇಡದೆ ಹಾಗೇ ಒಳಗೆ ಹೋದಳು. ನಾನು ಮಾತು ಎತ್ತಿದೆ, ನಾಲಗೆ ತೊಡರಿತು. ಮಾಸ್ತರು ಎದ್ದು ನಿಂತರು. ‘ನಿಮಗೆ ಇವತ್ತು ಹುಷಾರಿಲ್ಲ ಅನ್ಸುತ್ತೆ. ಇನ್ನೊಂದಿನ ಬನ್ನಿ’ ಎಂದು ಗೇಟಿನವರೆಗೂ ಬಂದು ಕಳಿಸಿಕೊಟ್ಟರು.

ನಮ್ಮೂರಾಗಿದ್ದರೆ ಕೆರ ತಗೊಂಡು ಹೊಡೆಯುತ್ತಿದ್ದರು. ಹೊಡೆದ ಮೇಲೆ ಮಾತಿಗೆ ಕೂರಿಸುತ್ತಿದ್ದರು. ಇಲ್ಲಿ ‘ಇನ್ನೊಂದಿನ ಬನ್ನಿ’ ಎನ್ನುತ್ತಾರೆ. ಇನ್ನೆಂದೂ ಬರಬೇಡ ಎಂಬುದನ್ನು ಈ ಊರು ಹಾಗೆ ಹೇಳುತ್ತದೆಂದು ತಿಳಿಯಲು ನನಗೆ ಎರಡು ಭಾನುವಾರ ಬೇಕಾದವು. ಎರಡೂ ಸಲ ಕುಡಿಯದೆ ಹೋಗಿದ್ದೆ. ಗೇಟು ತೆರೆಯಲಿಲ್ಲ.

ಪ್ರಮೀಳಾ ಕೆಲಸ ಬಿಟ್ಟಳು. ಮದುವೆಯಾಗಿ ಮೈಸೂರಿಗೆ ಹೋದಳೆಂದು ಅವಳ ಜಾಗಕ್ಕೆ ಬಂದ ಹುಡುಗಿ ಹೇಳಿದಳು. ಮಾವನ ಮಗಳಿಗೂ ಬೇರೆ ಕಡೆ ಗಂಡು ಗೊತ್ತಾಯಿತು. ಈಗ ನನ್ನೊಡನೆ ಜಗಳವಾಡಲು ಯಾರೂ ಇಲ್ಲ. ಆದರೂ ಶನಿವಾರ ತಪ್ಪದೆ ಕುಡಿಯುತ್ತೇನೆ.

ಕಳೆದ ನಾಗರಪಂಚಮಿಗೆ ಊರಿಗೆ ಹೋಗಿದ್ದೆ. ಉಂಡಿ, ಜೋಕಾಲಿ ಎಲ್ಲ ಇದ್ದಂತೆಯೇ ಇದ್ದವು. ಪ್ರಮೀಳಾ ಎಂಬ ಹೆಸರು ಕೇಳಿದವರು ಅಲ್ಲಿ ಒಬ್ಬರೂ ಇಲ್ಲ. ಅವಳನ್ನು ಬಲ್ಲ ಬೀದಿ, ಬಸ್ಸು, ನಾಗರಾಜ ಎಲ್ಲ ಇರುವುದು ಬೆಂಗಳೂರಿನಲ್ಲಿ. ನನ್ನನ್ನು ಅಕ್ಕರೆಯಿಂದ ಕರೆಯುವ ಅವ್ವ ಮಾತ್ರ ಊರಲ್ಲಿದ್ದಾಳೆ. ಮೂರನೆಯ ದಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದೆ. ಅವ್ವ ಬಂದು ಪಕ್ಕದಲ್ಲಿ ಕೂತಳು.

‘ಯಾವಾಗ ಬರ್ತೀಯೋ ಯಪ್ಪಾ ಊರಿಗೆ?’

‘ಇಲ್ಲೇ ಅದೀನಲ್ಲಬೇ.’

ಅವ್ವ ಗದ್ದ ಹಿಡಿದು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿದಳು. ‘ಎಲ್ಲಿ ಅದೀ?’ ಎಂದಳು.